ಆಸ್ಟೆರಿಕ್ಸ್ ಮೊದಲಿನ ಮೊನಚು ಕಳೆದುಕೊಂಡನೇ?

ಪ್ರಶ್ನೆ: ಶಾಲೆಯಲ್ಲಿದ್ದಾಗ ಬಾಡಿಗೆ ಲೈಬ್ರರಿಯಿಂದ ತಂದು ಆಸ್ಟೆರಿಕ್ಸ್ ಎಂಬ ಫ್ರೆಂಚ್ ಕಾಮಿಕ್ಸ್ ಓದಿದವನು ನಾನು. ಈಗ ಮಗಳಿಗೆ ಹನ್ನೊಂದು ವರ್ಷ. ಅವಳಿಗೆ ಹಳೆಯವು ಕೆಲವು, ಹೊಸವು ಕೆಲವು ಕೊಡಿಸಿದೆ. ಹಳೆಯದನ್ನು ಮತ್ತೆ ಮತ್ತೆ ಓದುತ್ತಾಳೆ. ಹೊಸದನ್ನು ಒಂದು ಸಲ ಓದಿ ಇಟ್ಟುಬಿಟ್ಟಳು. ನನಗೂ ಹಾಗೇ ಅನ್ನಿಸಿತು. ಪಾತ್ರಗಳು ಅವೇ, ಚಿತ್ರ ಹಾಗೇ ಇದೆ, ಹೊಡೆದಾಟವೂ ಇದೆ, ಆದರೂ ಏನೋ ಸಪ್ಪೆ. ಸರಣಿ ನಿಜವಾಗಿ ಮೊನಚು ಕಳೆದುಕೊಂಡಿದೆಯೇ? ಅಥವಾ ನನಗೆ ವಯಸ್ಸಾಯಿತು ಅಷ್ಟೇನಾ? ಇನ್ನು ಮುಂದೆ ಅವಳಿಗೆ ಯಾವುದನ್ನು ಕೊಡಿಸಲಿ?

ಉತ್ತರ: ಕಳೆದುಕೊಂಡಿದೆ. ನಿಮ್ಮ ವಯಸ್ಸು ಇದಕ್ಕೆ ಕಾರಣವಲ್ಲ. ನಿಮ್ಮ ಮಗಳಿಗೆ ಬಾಲ್ಯದ ನೆನಪಿನ ಹಂಗಿಲ್ಲ. ಅವಳ ಪಾಲಿಗೆ ಹಳೆಯದೂ ಹೊಸದೂ ಎರಡೂ ಈ ವರ್ಷದ ಪುಸ್ತಕಗಳೇ. ಅವಳೂ ನಿಮ್ಮ ಹಾಗೇ ಆರಿಸಿಕೊಂಡಿದ್ದಾಳೆ ಅಂದರೆ, ವ್ಯತ್ಯಾಸ ಪುಸ್ತಕದಲ್ಲೇ ಇದೆ.

ಆದರೆ ಕಳೆದುಹೋದದ್ದು ಏನು ಅನ್ನುವ ಪ್ರಶ್ನೆಗೆ ಅಭಿಮಾನಿಗಳು ಕೊಡುವ ಉತ್ತರ ನನಗೆ ಸಾಲದು. "ಮೊದಲು ಕಥೆ ಬರೆಯುತ್ತಿದ್ದ ಗೊಸಿನಿ ತೀರಿಕೊಂಡ, ತಮಾಷೆ ಮುಗಿಯಿತು" ಅನ್ನುತ್ತಾರೆ. ತಮಾಷೆ ಮುಗಿದಿಲ್ಲ. ಇತ್ತೀಚಿನ ಆಲ್ಬಮ್‌ಗಳಲ್ಲೂ (ಸರಣಿಯ ಒಂದೊಂದು ಪುಸ್ತಕಕ್ಕೆ ಹಾಗನ್ನುತ್ತಾರೆ) ಒಳ್ಳೆಯ ಹಾಸ್ಯವಿದೆ, ಕೆಲವು ಪುಟಗಳಲ್ಲಿ ಜೋರಾಗಿ ನಗು ಬರುತ್ತದೆ. ಇಲ್ಲವಾದದ್ದು ಬೇರೆ. ಹಳೆಯ ಆಲ್ಬಮ್‌ಗಳು ನಗುತ್ತಿದ್ದದ್ದು ಹೆಚ್ಚಾಗಿ ಆಸ್ಟೆರಿಕ್ಸ್‌ನ ಊರನ್ನು ನೋಡಿ. ಗಾಲ್, ಅಂದರೆ ಆಗಿನ ಫ್ರಾನ್ಸ್, ಸೀಸರ್‌ನ ರೋಮನ್ನರ ಕೈ ಸೇರಿದರೂ ಮಾಯಾ ಪೇಯದ ಬಲದಿಂದ ಸೋಲದೆ ಉಳಿದ ಪುಟ್ಟ ಊರು ಅದು. ಹೊಸವು ಆ ಊರನ್ನು ಮುಟ್ಟಲು ಹೆದರುತ್ತವೆ. ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ಯಾಕೆ ಹಾಗೆ ಅನ್ನುತ್ತೇನೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕಾಲದ ಲೆಕ್ಕ. ಆಸ್ಟೆರಿಕ್ಸ್ ಮೊದಲು ಕಾಣಿಸಿಕೊಂಡದ್ದು 1959ರ ಅಕ್ಟೋಬರ್ 29ರಂದು, ಪಿಲೋತ್ ಎಂಬ ಫ್ರೆಂಚ್ ವಾರಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಬರೆದವನು ರೆನೆ ಗೊಸಿನಿ, ಚಿತ್ರ ಬಿಡಿಸಿದವನು ಆಲ್ಬೇರ್ ಉದೆರ್ಜೊ. ಮೊದಲ ಆಲ್ಬಮ್ 1961ರಲ್ಲಿ ಬಂತು. ಆಗ ಅಚ್ಚು ಹಾಕಿದ್ದು 6,000 ಪ್ರತಿ. 2025ರ ಅಕ್ಟೋಬರ್‌ನಲ್ಲಿ ಬಂದ ಪೋರ್ಚುಗಲ್ ಕಥೆಯನ್ನೂ ಸೇರಿಸಿದರೆ ಈಗ 41 ಆಲ್ಬಮ್. ಅದರಲ್ಲಿ ಮೊದಲ 24 ಗೊಸಿನಿ ಬರೆದದ್ದು. ಮುಂದಿನ 10 ಉದೆರ್ಜೊ ಒಬ್ಬನೇ ಹೊರತಂದದ್ದು, ಅದರಲ್ಲಿ ಎರಡು ಬಿಡಿ ಕಥೆಗಳ, ತುಣುಕುಗಳ ಸಂಗ್ರಹ. ಆಮೇಲಿನ ಐದನ್ನು ಝಾನ್-ಇವ್ ಫೆರಿ ಬರೆದ, ಕೊನೆಯ ಎರಡನ್ನು ಫಾಬ್‌ಕಾರೊ. ಈ ಏಳಕ್ಕೂ ಚಿತ್ರ ದಿದಿಯೆ ಕೊನ್ರಾದ್‌ನದು. ಫೆರಿ, ಕೊನ್ರಾದ್ ಇಬ್ಬರೂ ಹುಟ್ಟಿದ್ದು 1959ರಲ್ಲಿ, ಅಂದರೆ ಆಸ್ಟೆರಿಕ್ಸ್‌ನ ಓರಗೆಯವರು.

ಹಳೆಯದೆಲ್ಲ ಚಿನ್ನ ಅನ್ನುವುದೂ ಸರಿಯಲ್ಲ. ಮೊದಲ ಆಲ್ಬಮ್ ತೆಗೆದು ನೋಡಿ. ಆಸ್ಟೆರಿಕ್ಸ್‌ನ ಮುಖ ಇನ್ನೂ ಕೂತಿಲ್ಲ. ಅವನ ದಢೂತಿ ಗೆಳೆಯ ಒಬೆಲಿಕ್ಸ್ ಹೆಚ್ಚುಕಡಿಮೆ ಪಕ್ಕದ ಪಾತ್ರ. ಪುಟ್ಟ ನಾಯಿ ಡಾಗ್ಮ್ಯಾಟಿಕ್ಸ್ ಹುಟ್ಟೇ ಇಲ್ಲ, ಅವನು ಬರುವುದು ಗಾಲ್ ದೇಶ ಸುತ್ತುವ ಐದನೆಯ ಕಥೆಯಲ್ಲಿ. ಕಥೆಯೂ ಸುಮಾರು. ಸರಣಿ ಮೊಂಡಾಗಿ ಶುರುವಾಗಿ, ಹೋಗ್ತಾ ಹೋಗ್ತಾ ಹರಿತವಾಯಿತು. ನನ್ನ ಪ್ರಕಾರ ನಿಜವಾದ ಮೊನಚು ಇದ್ದದ್ದು 1965ರಿಂದ 1976ರವರೆಗೆ. ಇಷ್ಟು ವರ್ಷಗಳ ಸರಣಿಯಲ್ಲಿ ಹತ್ತು ಹನ್ನೊಂದು ವರ್ಷ. ಅದೇನೂ ಕಡಿಮೆಯಲ್ಲ. ಬೇರೆ ಯಾವ ಕಾಮಿಕ್ಸ್ ಸರಣಿಗೂ ಇಷ್ಟು ಉದ್ದದ ಒಳ್ಳೆಯ ಓಟ ಸುಲಭಕ್ಕೆ ಸಿಕ್ಕಿಲ್ಲ.

ಆ ಓಟ ಸಾಧ್ಯವಾದದ್ದಕ್ಕೆ ಗೊಸಿನಿಯ ಬುದ್ಧಿ ಒಂದೇ ಕಾರಣ ಅಲ್ಲ. ಕೆಲಸದ ರೀತಿಯೂ ಕಾರಣ. ಗೊಸಿನಿ ಕಥೆಯನ್ನು ಟೈಪ್ ಮಾಡಿ ಕೊಡುತ್ತಿದ್ದ. ಪ್ರತಿ ಚೌಕದಲ್ಲಿ ಏನಿರಬೇಕು, ಯಾರು ಏನು ಹೇಳಬೇಕು ಎಲ್ಲವೂ ಅದರಲ್ಲಿ ಇರುತ್ತಿತ್ತು. ಒಟ್ಟು 44 ಪುಟ, ಹೆಚ್ಚಿಲ್ಲ ಕಡಿಮೆಯಿಲ್ಲ. ವಾರಕ್ಕೆ ಒಂದೆರಡು ಪುಟ ಪತ್ರಿಕೆಯಲ್ಲಿ ಬರುತ್ತಿತ್ತು. ಓದುಗ ಮುಂದಿನ ವಾರ ಮತ್ತೆ ಬರಬೇಕು ಅಂದರೆ, ಆ ಒಂದೆರಡು ಪುಟದಲ್ಲೇ ಒಂದು ನಗು ಇರಬೇಕು, ಕೊನೆಯ ಚೌಕದಲ್ಲಿ ಒಂದು ಕೊಕ್ಕೆ ಇರಬೇಕು. ಹೀಗಾಗಿ ಸಡಿಲ ಪುಟಕ್ಕೆ ಜಾಗವೇ ಇರಲಿಲ್ಲ. ಹಳೆಯ ಆಲ್ಬಮ್ ಒಂದನ್ನು ಕೈಗೆತ್ತಿಕೊಂಡು ಪ್ರತಿ ಪುಟದ ಕೊನೆಯ ಚೌಕವನ್ನು ಮಾತ್ರ ನೋಡುತ್ತಾ ಹೋಗಿ. ಹೇಗೆ ಪ್ರತಿಯೊಂದೂ ಮುಂದಿನ ಪುಟಕ್ಕೆ ತಳ್ಳುತ್ತದೆ ಎಂದು ಗೊತ್ತಾಗುತ್ತದೆ. 1966 ಒಂದೇ ವರ್ಷದಲ್ಲಿ ಮೂರು ಆಲ್ಬಮ್ ಬಂದವು, ಅದರಲ್ಲಿ ಬ್ರಿಟನ್ ಕಥೆಯೂ ಒಂದು. ಅದೇ ಹೊತ್ತಿಗೆ ಗೊಸಿನಿ ಲಕ್ಕಿ ಲೂಕ್, ಇಜ್ನೋಗುಡ್ ಎಂಬ ಬೇರೆ ಕಾಮಿಕ್ಸ್ ಸರಣಿಗಳನ್ನೂ ಬರೆಯುತ್ತಿದ್ದ, ಪಿಲೋತ್ ಪತ್ರಿಕೆಯನ್ನೂ ನಡೆಸುತ್ತಿದ್ದ. ಆ ಅವಸರ ಬರವಣಿಗೆಯನ್ನು ಕೆಡಿಸಲಿಲ್ಲ, ಬಿಗಿ ಮಾಡಿತು.

ಈಗ ಊರಿನ ವಿಷಯಕ್ಕೆ ಬರುತ್ತೇನೆ. ಸರಣಿಯ ಅತ್ಯುತ್ತಮ ಆಲ್ಬಮ್ ಯಾವುದು ಅಂದರೆ ನಾನು ಯೋಚಿಸದೆ ಹೇಳುವುದು 1970ರ "ಆಸ್ಟೆರಿಕ್ಸ್ ಅಂಡ್ ದಿ ರೋಮನ್ ಏಜೆಂಟ್". ಸೀಸರ್‌ಗೆ ಈ ಊರನ್ನು ಬಲದಿಂದ ಗೆಲ್ಲಲು ಆಗುವುದಿಲ್ಲ. ಅದಕ್ಕೆ ಕನ್ವಾಲ್ವುಲಸ್ ಎಂಬ ಕುಳ್ಳನೊಬ್ಬನನ್ನು ಕಳಿಸುತ್ತಾನೆ. ಇವನ ಕೈಯಲ್ಲಿ ಕತ್ತಿ ಇಲ್ಲ. ಇವನಿದ್ದಲ್ಲಿ ಜಗಳ ತಾನಾಗಿ ಹುಟ್ಟುತ್ತದೆ ಅಷ್ಟೆ. ಹಿಂದೊಮ್ಮೆ ಇವನನ್ನು ಸಿಂಹಗಳ ಮುಂದೆ ಎಸೆದಿದ್ದರು, ಸಿಂಹಗಳೇ ಒಂದನ್ನೊಂದು ತಿಂದುಕೊಂಡವು. ಇವನು ಊರಿಗೆ ಬಂದು ಮಾಡುವ ಕೆಲಸ ಒಂದೇ. ಒಂದು ಬೆಲೆಬಾಳುವ ಹೂದಾನಿಯನ್ನು "ಈ ಊರಿನ ಅತ್ಯಂತ ಮುಖ್ಯ ಮನುಷ್ಯನಿಗೆ" ಎಂದು ಆಸ್ಟೆರಿಕ್ಸ್‌ಗೆ ಕೊಡುತ್ತಾನೆ. ಅಂದು ಊರಿನ ಮುಖ್ಯಸ್ಥ ವೈಟಲ್‌ಸ್ಟಾಟಿಸ್ಟಿಕ್ಸ್‌ನ ಹುಟ್ಟುಹಬ್ಬದ ಸಡಗರ. ಅವನ ಹೆಂಡತಿ ಇಂಪೆಡಿಮೆಂಟಾಗೆ ಹೇಗಾಗಿರಬೇಕು ಯೋಚಿಸಿ. ಅಲ್ಲಿಂದ ಮುಂದೆ ಏಜೆಂಟ್ ಏನೂ ಮಾಡಬೇಕಾಗಿಲ್ಲ. ಆಸ್ಟೆರಿಕ್ಸ್ ಮಾಯಾ ಪೇಯದ ಗುಟ್ಟನ್ನು ರೋಮನ್ನರಿಗೆ ಮಾರಿದನಂತೆ ಎಂಬ ಗುಸುಗುಸು ಹುಟ್ಟುತ್ತದೆ. ಊರು ಅದನ್ನು ನಂಬುತ್ತದೆ. ನಿನ್ನೆಯವರೆಗೆ ತಮ್ಮನ್ನು ಕಾಪಾಡಿದವನ ಬಗ್ಗೆ, ಒಂದೇ ಒಂದು ಸಾಕ್ಷಿ ಇಲ್ಲದೆ, ಬೇಗ ಬೇಗ ನಂಬುತ್ತದೆ.

ಇದರಲ್ಲಿ ಉದೆರ್ಜೊ ಮಾಡಿದ ಒಂದು ಕೆಲಸ ನೋಡಿ. ಜನ ಜಗಳಕ್ಕೆ ಇಳಿದಂತೆ ಮಾತಿನ ಗುಳ್ಳೆಗಳು ಹಸಿರಾಗುತ್ತವೆ. ಕನ್ವಾಲ್ವುಲಸ್ ಒಂದು ಮಾತು ಬಿಟ್ಟು ಹೋಗುತ್ತಾನೆ, ಹಸಿರು ಬಾಯಿಂದ ಬಾಯಿಗೆ ಹರಡುತ್ತದೆ. ಓದಲು ಬಾರದ ಮಗುವಿಗೂ ಈ ಊರಲ್ಲಿ ವಿಷ ಹರಡುತ್ತಿದೆ ಎಂದು ಕಾಣುತ್ತದೆ. ಬರಹ, ಚಿತ್ರ ಎರಡೂ ಹೀಗೆ ಒಂದೇ ಉಸಿರಲ್ಲಿ ಕೆಲಸ ಮಾಡುವುದು ಕಾಮಿಕ್ಸ್‌ನಲ್ಲಿ ಅಪರೂಪ.

ಇದರ ಹಿಂದೆ ಒಂದು ನೋವೂ ಇದ್ದಿರಬಹುದು. 1968ರ ಮೇ ತಿಂಗಳಲ್ಲಿ ಫ್ರಾನ್ಸ್‌ನಲ್ಲಿ ನಡೆದ ವಿದ್ಯಾರ್ಥಿ, ಕಾರ್ಮಿಕರ ಗಲಾಟೆಯಲ್ಲಿ ಪಿಲೋತ್‌ನ ಕಲಾವಿದರೇ ಗೊಸಿನಿಯನ್ನು ಸಭೆಗೆ ಕರೆಸಿ ಆರೋಪಿಯಂತೆ ಕೂರಿಸಿ ಮಾತನಾಡಿದರು. ಅವರಲ್ಲಿ ಹಲವರಿಗೆ ದಾರಿ ಮಾಡಿಕೊಟ್ಟವನು ಅವನೇ. ಅವನಿಗೆ ಅದು ಬಹಳ ನಾಟಿತು. ಎರಡು ವರ್ಷದ ನಂತರ ಬಂದ ಈ ಕಥೆಯನ್ನು ಆ ಸಭೆಯ ಜೊತೆ ಇಟ್ಟು ಓದುವವರಿದ್ದಾರೆ. ನನಗೂ ಹಾಗೆ ಓದುವುದು ಸರಿ ಅನ್ನಿಸುತ್ತದೆ. ಯಾಕೆಂದರೆ ಈ ಆಲ್ಬಮ್‌ನ ಸಿಟ್ಟು ಹುಸಿಯಲ್ಲ.

ಮುಂದಿನ ವರ್ಷದ "ದಿ ಮ್ಯಾನ್ಶನ್ಸ್ ಆಫ್ ದಿ ಗಾಡ್ಸ್" ಇನ್ನೂ ಒಂದು ಹೆಜ್ಜೆ ಮುಂದೆ. ಸೀಸರ್ ಊರಿನ ಸುತ್ತಲಿನ ಕಾಡು ಕಡಿದು ರೋಮನ್ನರಿಗೆ ವಸತಿ ಸಮುಚ್ಚಯ ಕಟ್ಟಿಸುತ್ತಾನೆ. ಆಗ ಪ್ಯಾರಿಸ್ ಸುತ್ತ ನಿಜವಾಗಿಯೂ ಅಂಥ ದೊಡ್ಡ ದೊಡ್ಡ ಸಮುಚ್ಚಯಗಳು ಏಳುತ್ತಿದ್ದವು. ಅವುಗಳ ಜಾಹೀರಾತಿನ ಧಾಟಿಯನ್ನೇ ಎತ್ತಿಕೊಂಡು ಗೊಸಿನಿ ಒಂದು ರೋಮನ್ ಜಾಹೀರಾತು ಬರೆದಿದ್ದಾನೆ, ಅದನ್ನು ಇಂದು ಬೆಂಗಳೂರಿನ ಯಾವ ಹೊಸ ಅಪಾರ್ಟ್‌ಮೆಂಟಿನ ಕರಪತ್ರದ ಪಕ್ಕ ಇಟ್ಟರೂ ಹೊಂದುತ್ತದೆ. ಗುಲಾಮರು ಸಂಬಳದ ಮಾತುಕತೆ ನಡೆಸಿ ಸೈನಿಕರಿಗಿಂತ ಜಾಸ್ತಿ ಪಡೆಯುತ್ತಾರೆ. ಅದಕ್ಕೆ ಸೈನಿಕರು ಮುಷ್ಕರ ಹೂಡುತ್ತಾರೆ. ಇದೆಲ್ಲ ಮಜವಾಗಿದೆ. ಆದರೆ ಕಥೆಯ ಹೊಡೆತ ಬೀಳುವುದು ಆಮೇಲೆ. ರೋಮನ್ ಗೃಹಿಣಿಯರು ಊರಿಗೆ ಮೀನು ಕೊಳ್ಳಲು ಬರುತ್ತಾರೆ, ಹೇಳಿದ ಬೆಲೆ ಕೊಡುತ್ತಾರೆ. ಅಷ್ಟೇ ಸಾಕು. ಬೆಲೆ ಏರುತ್ತದೆ, ನೋಡುನೋಡುತ್ತಾ ಎಲ್ಲರೂ ಮೀನಂಗಡಿ ತೆರೆಯುತ್ತಾರೆ. ಹಳೆಯ ಆಯುಧಗಳನ್ನು ಪುರಾತನ ವಸ್ತು ಎಂದು ಮಾರುತ್ತಾರೆ. ಯಾವ ಸೈನ್ಯಕ್ಕೂ ಬಗ್ಗದ ಊರು ನಾಲ್ಕು ಕಾಸಿನ ಲಾಭಕ್ಕೆ ಬಗ್ಗುತ್ತದೆ. ತಾವು ಬದಲಾಗಿದ್ದೇವೆ ಎಂದು ಅವರಿಗೆ ಗೊತ್ತೇ ಆಗುವುದಿಲ್ಲ.

1976ರ "ಒಬೆಲಿಕ್ಸ್ ಅಂಡ್ ಕೋ" ಇದನ್ನೇ ಇನ್ನೂ ದೂರ ಒಯ್ಯುತ್ತದೆ. ಸೀಸರ್‌ನ ಆಸ್ಥಾನಕ್ಕೆ ಅರ್ಥಶಾಸ್ತ್ರ ಓದಿದ ಒಬ್ಬ ಹುಡುಗ ಬರುತ್ತಾನೆ. ಅವನ ಮುಖ ಆಗಿನ ಯುವ ಪ್ರಧಾನಿ ಝಾಕ್ ಶಿರಾಕ್‌ನದು. ಇವರನ್ನು ಸೋಲಿಸಬೇಡಿ, ಶ್ರೀಮಂತರನ್ನಾಗಿ ಮಾಡಿ ಅನ್ನುತ್ತಾನೆ. ಒಬೆಲಿಕ್ಸ್ ಕೆತ್ತುವ ಮೆನ್ಹಿರ್ ಎಂಬ ನೆಟ್ಟಗೆ ನಿಲ್ಲಿಸುವ ದೊಡ್ಡ ಕಲ್ಲುಗಳನ್ನು ದಿನದಿನಕ್ಕೂ ಹೆಚ್ಚು ಬೆಲೆಗೆ ಕೊಳ್ಳುತ್ತಾನೆ. ಆ ಕಲ್ಲಿನಿಂದ ಯಾರಿಗೂ ಏನೂ ಉಪಯೋಗವಿಲ್ಲ. ಒಬೆಲಿಕ್ಸ್‌ಗೆ ಹಂದಿ ಬೇಟೆಗೆ ಹೋಗಲು ಪುರುಸೊತ್ತಿಲ್ಲ. ಕೆಲಸಕ್ಕೆ ಆಳು ಇಡುತ್ತಾನೆ. ಆಡಂಬರದ ಬಟ್ಟೆ ತೊಡುತ್ತಾನೆ. ಉಳಿದವರು ಹೊಟ್ಟೆಕಿಚ್ಚಿಗೆ ತಾವೂ ಕಲ್ಲು ಕೆತ್ತುತ್ತಾರೆ. ಆಮೇಲೆ ರೋಮ್‌ನಲ್ಲಿ ಕಲ್ಲಿನ ರಾಶಿ, ಪೈಪೋಟಿ, ಕುಸಿತ. ಮಾರುಕಟ್ಟೆ ಹೇಗೆ ಊದಿಕೊಂಡು ಒಡೆಯುತ್ತದೆ ಎಂದು 44 ಪುಟದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕವನ್ನು ನಾನು ಓದಿಲ್ಲ. ಆದರೆ ನನಗೆ ಹೆಚ್ಚು ಕಾಡುವುದು ಒಬೆಲಿಕ್ಸ್‌ನ ಮುಖ. ದುಡ್ಡು ಬಂದಿದೆ, ಗೆಳೆಯ ದೂರವಾಗಿದ್ದಾನೆ. ಯಾಕೆ ಹೀಗಾಯಿತು ಎಂದು ಅವನಿಗೆ ತಿಳಿಯುತ್ತಿಲ್ಲ. ಈ ಸರಣಿಯ ಅತ್ಯಂತ ಪ್ರೀತಿಯ ಪಾತ್ರವನ್ನೇ ಗೊಸಿನಿ ಹೀಗೆ ಬಿಚ್ಚಿ ತೋರಿಸಿದ. ಅದಕ್ಕೆ ಧೈರ್ಯ ಬೇಕು.

1972ರ "ದಿ ಸೂತ್‌ಸೇಯರ್"ನಲ್ಲಿ ಇಡೀ ಊರು ಒಬ್ಬ ಕಳ್ಳ ಜೋಯಿಸನಿಗೆ ಮರುಳಾಗುತ್ತದೆ. 1974ರ "ಸೀಸರ್ಸ್ ಗಿಫ್ಟ್" ಫ್ರಾನ್ಸ್‌ನ ಅಧ್ಯಕ್ಷೀಯ ಚುನಾವಣೆಯ ವರ್ಷದ್ದು, ಅದರಲ್ಲಿ ಊರು ಒಂದು ಕುರ್ಚಿಗಾಗಿ ಒಡೆಯುತ್ತದೆ. ಇವುಗಳಲ್ಲೆಲ್ಲ ಹೊರಗಿನಿಂದ ಬಂದವನು ಒಂದು ನೆಪ ಮಾತ್ರ. ಬೆಂಕಿಗೆ ಬೇಕಾದ ಪುಳ್ಳೆಯೆಲ್ಲ ಊರಲ್ಲೇ ಒಣಗಿ ಕೂತಿರುತ್ತದೆ. ಫ್ರೆಂಚರು ಇದನ್ನು ಓದಿ ನಕ್ಕದ್ದು ತಮ್ಮನ್ನೇ ಕಂಡು. ನಾವು ಇಲ್ಲಿ ಕೂತು ನಗುವುದೂ ಅದಕ್ಕೇ. ಅಂಥ ಊರು ನಮಗೂ ಗೊತ್ತು, ಅಲ್ವಾ?

ಪ್ರವಾಸದ ಕಥೆಗಳು ಸ್ವಲ್ಪ ಬೇರೆ ಜಾತಿ. ಬ್ರಿಟನ್, ಸ್ವಿಟ್ಜರ್ಲೆಂಡ್, ಕಾರ್ಸಿಕಾ ಇವುಗಳಲ್ಲಿ ಗೊಸಿನಿ ಬೇರೆ ಸೀಮೆಯವರ ಬಗ್ಗೆ ಫ್ರೆಂಚರು ಇಟ್ಟುಕೊಂಡಿದ್ದ ಪೂರ್ವಗ್ರಹಗಳನ್ನು ದೊಡ್ಡದು ಮಾಡಿ ತೋರಿಸುತ್ತಾನೆ. ಇವು ಮೇಲಿನವುಗಳಷ್ಟು ಆಳಕ್ಕೆ ಇಳಿಯುವುದಿಲ್ಲ. ಆದರೆ ವೇಗ, ಪ್ರೀತಿ ಎರಡೂ ಇವೆ.

ಗೊಸಿನಿ ತೀರಿಕೊಂಡದ್ದು 1977ರ ನವೆಂಬರ್ 5ರಂದು. ಹೃದಯದ ಪರೀಕ್ಷೆಗೆಂದು ವೈದ್ಯರ ಬಳಿ ಹೋಗಿದ್ದಾಗ, ಆ ಪರೀಕ್ಷೆಯ ನಡುವೆಯೇ. ವಯಸ್ಸು 51. ಬೆಲ್ಜಿಯಂ ಕಥೆ ಬರೆದು ಮುಗಿದಿತ್ತು, ಚಿತ್ರ ಇನ್ನೂ ಮುಗಿದಿರಲಿಲ್ಲ. ಉದೆರ್ಜೊಗೆ ಮುಂದುವರಿಸುವ ಮನಸ್ಸೇ ಇರಲಿಲ್ಲ. ಪ್ರಕಾಶಕರು ಕೋರ್ಟಿಗೆ ಹೋದ ಮೇಲೆ ಅವನು ಮುಗಿಸಿಕೊಟ್ಟ. ಆ ಆಲ್ಬಮ್‌ನಲ್ಲಿ ಒಂದು ಹಂತದಿಂದ ಆಕಾಶ ಕಪ್ಪಾಗುತ್ತದೆ, ಮಳೆ ಸುರಿಯತೊಡಗುತ್ತದೆ. ಗೆಳೆಯ ಹೋದದ್ದು ಅಲ್ಲಿಯೇ ಎಂದು ಚಿತ್ರಗಾರ ಹಾಗೆ ಗುರುತು ಹಾಕಿದ. ಮಗಳಿಗೆ ಓದಲು ಕೊಡುವಾಗ ಅದನ್ನು ತೋರಿಸಿ.

ಆಮೇಲೆ ಉದೆರ್ಜೊ ಸ್ವಂತ ಪ್ರಕಾಶನ ಶುರು ಮಾಡಿದ. ತನ್ನ ಹೆಸರಿನ ಜೊತೆಗೆ ಗೆಳೆಯನ ಹೆಸರನ್ನೂ ಅದಕ್ಕೆ ಇಟ್ಟ. ತಾನೇ ಬರೆದು ತಾನೇ ಬಿಡಿಸಿದ. ಇದಕ್ಕೆ ಅವನನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. ಗೆಳೆಯನ ಜೊತೆ ಕಟ್ಟಿದ ಮನೆಯನ್ನು ಬಾಗಿಲು ಹಾಕಿ ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಅವನ ಕೈ ಆಗ ಅತ್ಯುತ್ತಮ ಸ್ಥಿತಿಯಲ್ಲಿತ್ತು. ಬಣ್ಣಗುರುಡು ಇದ್ದವನು, ಗೆರೆಯಲ್ಲೇ ಎಲ್ಲವನ್ನೂ ಹೇಳಬಲ್ಲವನಾಗಿದ್ದ. 1980ರ "ದಿ ಗ್ರೇಟ್ ಡಿವೈಡ್" ಮತ್ತು 1981ರ "ಬ್ಲ್ಯಾಕ್ ಗೋಲ್ಡ್" ಇಂದಿಗೂ ಓದಿಸಿಕೊಳ್ಳುತ್ತವೆ. ಎರಡನೆಯದರಲ್ಲಿ ಜೆರುಸಲೇಮ್‌ನಲ್ಲಿ ನಾಯಕರಿಗೆ ನೆರವಾಗುವ ಮನುಷ್ಯನಿಗೆ ಗೊಸಿನಿಯ ಮುಖ ಕೊಟ್ಟಿದ್ದಾನೆ.

ಆದರೆ "ದಿ ಗ್ರೇಟ್ ಡಿವೈಡ್"ನಲ್ಲೇ ಬಿರುಕು ಕಾಣುತ್ತದೆ. ಊರ ನಡುವೆ ಕಂದಕ ತೋಡಿ ಎರಡು ಪಂಗಡ ಮಾಡಿಕೊಂಡವರ ಕಥೆ ಅದು. ಬರ್ಲಿನ್ ಗೋಡೆಯ ಕಾಲ, ಒಳ್ಳೆಯ ವಸ್ತು. ಆದರೆ ಒಡೆದದ್ದು ಯಾರ ಊರು? ಆಸ್ಟೆರಿಕ್ಸ್‌ನದಲ್ಲ, ಬೇರೆ ಯಾವುದೋ ಊರು. ಆಸ್ಟೆರಿಕ್ಸ್, ಒಬೆಲಿಕ್ಸ್ ಅಲ್ಲಿಗೆ ಹೋಗಿ ಸರಿಮಾಡಿ ಬರುತ್ತಾರೆ. ಹತ್ತು ವರ್ಷದ ಹಿಂದೆ ಗೊಸಿನಿ ಇದೇ ಜಗಳವನ್ನು ಇವರ ಮನೆಯೊಳಗೇ ಹಚ್ಚಿದ್ದ. ಈಗ ಇವರು ಪಕ್ಕದ ಊರಿನ ಪಂಚಾಯ್ತಿಗೆ ಹೋಗುವ ದೊಡ್ಡ ಮನುಷ್ಯರಾದರು. ಮೊನಚು ಹೋದದ್ದು ಇಲ್ಲಿ ಎಂದು ನನ್ನ ಅಭಿಪ್ರಾಯ.

ಅಲ್ಲಿಂದ ಮುಂದೆ ಕಥೆಗೆ ಬೇಕಾದ ಕಾವನ್ನು ಅದ್ಭುತಗಳಿಂದ ತರಬೇಕಾಯಿತು. ಹಾರುವ ಚಾಪೆ, ಅಟ್ಲಾಂಟಿಸ್, ಕಲ್ಲಾಗಿ ಹೋಗುವ ಒಬೆಲಿಕ್ಸ್. 1987ರ "ದಿ ಮ್ಯಾಜಿಕ್ ಕಾರ್ಪೆಟ್" ನಮ್ಮ ದೇಶಕ್ಕೇ ಬರುತ್ತದೆ. ಗಂಗೆಯ ಬಯಲಿನಲ್ಲಿ ಮಳೆ ಇಲ್ಲ, ರಾಜಕುಮಾರಿಯನ್ನು ಬಲಿ ಕೊಡಲು ಹೊರಟಿದ್ದಾರೆ, ಆಸ್ಟೆರಿಕ್ಸ್‌ನ ಊರಿನ ಬೇಸುರ ಹಾಡುಗಾರ ಕಾಕೊಫೊನಿಕ್ಸ್ ಬಂದು ಹಾಡಿದರೆ ಮಳೆ ಬರುತ್ತದೆ. ಆನೆ, ಹುಲಿ, ಫಕೀರ, ಅರಮನೆ. ಚಿತ್ರಗಳು ಕಣ್ಣಿಗೆ ಹಬ್ಬ. ಚಿಕ್ಕವನಾಗಿದ್ದಾಗ ಇಂಡಿಯಾ ಬಂತು ಎಂದು ಎಷ್ಟು ಖುಷಿಪಟ್ಟೆ! ಆದರೆ ಓದಿದ ಮೇಲೆ ನಮ್ಮ ಬಗ್ಗೆ ಒಂದೂ ನೆನಪಿಡುವ ಗಮನಿಕೆ ಸಿಗುವುದಿಲ್ಲ. ಇಂಗ್ಲಿಷರ ಚಹಾ, ಕಾರ್ಸಿಕದವರ ಹಟ, ಸ್ವಿಸ್ಸರ ಅಚ್ಚುಕಟ್ಟು ಇವುಗಳನ್ನು ಹಿಡಿದ ಕಣ್ಣು ಇಲ್ಲಿ ಇಲ್ಲ. ಗೊಸಿನಿ ಬಂದಿದ್ದರೆ ನಮ್ಮ ಸರತಿ ಸಾಲಿನ ನೂಕಾಟವನ್ನು, ಊಟಕ್ಕೆ ಮಾಡುವ ಬಲವಂತವನ್ನು ಬಿಡುತ್ತಿರಲಿಲ್ಲ. ಅವನು ನಮ್ಮನ್ನು ಗೇಲಿ ಮಾಡಲಿಲ್ಲ ಎಂಬುದು ನನಗೆ ಇಂದಿಗೂ ಒಂದು ನಷ್ಟ ಅನ್ನಿಸುತ್ತದೆ.

1991ರ "ಸೀಕ್ರೆಟ್ ವೆಪನ್"ನಲ್ಲಿ ಮಹಿಳೆಯರ ಸಮಾನತೆಯ ವಿಷಯ ಎತ್ತಿಕೊಂಡು ಅದನ್ನು ಬಟ್ಟೆ ಅಂಗಡಿಯ ಜೋಕಿಗೆ ಇಳಿಸಿದ. 2005ರ "ಫಾಲಿಂಗ್ ಸ್ಕೈ"ನಲ್ಲಿ ಬೇರೆ ಗ್ರಹದಿಂದ ಜನ ಬಂದಿಳಿದರು. ಅಮೆರಿಕದ ಸೂಪರ್‌ಹೀರೋಗಳ ಮೇಲೆ, ಜಪಾನಿನ ಮಾಂಗಾ ಕಾಮಿಕ್ಸ್ ಮೇಲೆ ಉದೆರ್ಜೊಗಿದ್ದ ಸಿಟ್ಟು ಅದರಲ್ಲಿದೆ. ಓದುಗರು ಬೇಸರಗೊಂಡರು, ವಿಮರ್ಶಕರು ಕಟುವಾಗಿ ಬರೆದರು. ಅದರ ಬಗ್ಗೆ ಇನ್ನೇನೂ ಹೇಳಬೇಕಾಗಿಲ್ಲ.

ತನ್ನ ನಂತರ ಆಸ್ಟೆರಿಕ್ಸ್ ಇರಬಾರದು ಎಂದು ಉದೆರ್ಜೊ ಮೊದಲು ಹೇಳುತ್ತಿದ್ದ. ಟಿನ್‌ಟಿನ್‌ನ ಎರ್ಜೆ ಹಾಗೇ ಮಾಡಿದ, 1983ರಲ್ಲಿ ಅವನು ಹೋದ ಮೇಲೆ ಬೇರೆಯವರು ಹೊಸ ಟಿನ್‌ಟಿನ್ ಮುಂದುವರಿಸಲಿಲ್ಲ. ಉದೆರ್ಜೊ ಮನಸ್ಸು ಬದಲಿಸಿದ. 2008ರಲ್ಲಿ ಪ್ರಕಾಶನದ ಹೆಚ್ಚಿನ ಪಾಲು ಅಶೆತ್ ಸಂಸ್ಥೆಗೆ ಹೋಯಿತು. 2013ರಲ್ಲಿ ಹೊಸ ಜೋಡಿಯ ಮೊದಲ ಆಲ್ಬಮ್ ಬಂತು. ಉದೆರ್ಜೊ 2020ರ ಮಾರ್ಚ್‌ನಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡ.

ಹೊಸಬರ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಫೆರಿ ಚುರುಕು ಬರಹಗಾರ. ಅವನು ಬಂದ ಮೇಲೆ ಮಾತಿಗೆ ಮತ್ತೆ ಲಯ ಬಂತು. ಕೊನ್ರಾದ್ ಉದೆರ್ಜೊನ ಗೆರೆಯನ್ನು ಎಷ್ಟು ಅರಗಿಸಿಕೊಂಡಿದ್ದಾನೆ ಅಂದರೆ, ಕೆಲವು ಪುಟಗಳಲ್ಲಿ ಯಾರದು ಎಂದು ಹೇಳುವುದು ಕಷ್ಟ. 2015ರ "ದಿ ಮಿಸ್ಸಿಂಗ್ ಸ್ಕ್ರಾಲ್" ಫೆರಿಯ ಐದರಲ್ಲಿ ಒಳ್ಳೆಯದು. ಸೀಸರ್ ತನ್ನ ಯುದ್ಧದ ಪುಸ್ತಕದಿಂದ ಈ ಊರಿನ ಮುಂದೆ ಸೋತ ಅಧ್ಯಾಯವನ್ನು ತೆಗೆಸಿಹಾಕುತ್ತಾನೆ. ಅದು ಸೋರಿಕೆಯಾಗಿ ಊರಿಗೆ ಬರುತ್ತದೆ. ಸರ್ಕಾರಗಳ ಗುಟ್ಟಿನ ಕಡತಗಳನ್ನು ಬಯಲು ಮಾಡಿದ ವಿಕಿಲೀಕ್ಸ್‌ನ ದಿನಗಳು. ಅದರ ಸ್ಥಾಪಕ ಅಸಾಂಜ್‌ನನ್ನು ನೆನಪಿಸುವ ಪತ್ರಕರ್ತನೂ ಇದ್ದಾನೆ. ಪತ್ರಿಕೆಯ ರಾಶಿಭವಿಷ್ಯ ನಂಬಿ ಒಬೆಲಿಕ್ಸ್ ಹಂದಿ ಬಿಡುವ ಜಾಗ ತುಂಬ ಚೆನ್ನಾಗಿದೆ.

ಆದರೆ ಇಲ್ಲೂ ನೋಡಿ. ತಪ್ಪು ಮಾಡುವವರು ರೋಮನ್ನರು, ಪ್ರಕಾಶಕರು, ಬೇಹುಗಾರರು. ಊರು ಸತ್ಯವನ್ನು ಕಾಪಾಡುವ ಒಳ್ಳೆಯವರ ಊರು. ಜಗಳ ಆಡುತ್ತಾರೆ, ಹೌದು. ಮೀನು ಕೊಳೆತಿದೆ ಎಂದು ಹೊಡೆದಾಡುತ್ತಾರೆ. ಅದು ಓದುಗನಿಗೆ ಹಿತವಾದ ಜಗಳ, ಬರಲೇಬೇಕು ಎಂದು ಬರುವ ಜಗಳ. ಅದರಿಂದ ಯಾರಿಗೂ ಏನೂ ನಷ್ಟವಿಲ್ಲ. "ರೋಮನ್ ಏಜೆಂಟ್"ನಲ್ಲಿ ಆಸ್ಟೆರಿಕ್ಸ್ ಊರು ಬಿಟ್ಟು ಹೊರಡುವ ಹಾಗಾಗಿತ್ತು. ಆ ಬೆಲೆ ಈಗ ಯಾರೂ ತೆರುವುದಿಲ್ಲ.

ಸಮಕಾಲೀನ ವಿಷಯ ತಂದರೆ ಮೊನಚು ಬರುತ್ತದೆ ಅನ್ನುವ ನಂಬಿಕೆ ಹೊಸ ಆಲ್ಬಮ್‌ಗಳಲ್ಲಿ ಕಾಣುತ್ತದೆ. ಸೋರಿಕೆ, ಹದಿಹರೆಯದವರ ಸಿಟ್ಟು, ಸುಳ್ಳು ಸುದ್ದಿ ಎಲ್ಲವೂ ಬಂದಿವೆ. 2017ರ ರಥ ಓಟದ ಕಥೆಯಲ್ಲಿ ಮುಖವಾಡದ ಒಬ್ಬ ಸಾರಥಿಯ ಹೆಸರು ಕೊರೊನಾವೈರಸ್ ಎಂದಿತ್ತು, ಅದು ಕಾಕತಾಳೀಯ, ಅದನ್ನು ಭವಿಷ್ಯವಾಣಿ ಎಂದು ಹಂಚಿದವರನ್ನು ಬಿಟ್ಟುಬಿಡಿ. ವಿಷಯ ಹೊಸದಾದರೆ ಸಾಲದು. 1971ರಲ್ಲಿ ಗೃಹ ನಿರ್ಮಾಣ ಹೊಸ ವಿಷಯವಾಗಿತ್ತು, ಇಂದು ಹಳೆಯದು. ಆದರೂ ಆ ಆಲ್ಬಮ್ ಇರಿಯುತ್ತದೆ. ಅದರಲ್ಲಿರುವ ದುರಾಸೆ ನಮ್ಮದೇ ಆದ್ದರಿಂದ.

ಇದಕ್ಕೆ ಹೊಸ ಬರಹಗಾರರನ್ನೇ ದೂರುವುದು ಸರಿಯಲ್ಲ. ಪ್ರತಿ ಹೊಸ ಆಲ್ಬಮ್ ಈಗ ಸುಮಾರು 50 ಲಕ್ಷ ಪ್ರತಿ ಅಚ್ಚಾಗುತ್ತದೆ, ಹಲವಾರು ಭಾಷೆಗಳಲ್ಲಿ ಒಟ್ಟಿಗೆ ಬಿಡುಗಡೆಯಾಗುತ್ತದೆ. ಆ ಪಾತ್ರಗಳು ಈಗ ಒಂದು ದೇಶದ ಆಸ್ತಿ. ಪ್ಯಾರಿಸ್ ಹತ್ತಿರ ಅವರ ಹೆಸರಿನ ಪಾರ್ಕ್ ಇದೆ, ಸಿನಿಮಾಗಳಿವೆ. ಗೊಸಿನಿ ಬರೆಯುವಾಗ ಅವು ಅವನ ಸ್ವಂತ ಪಾತ್ರಗಳು. ಬೇಕಾದಷ್ಟು ಹೀಯಾಳಿಸಬಹುದಿತ್ತು, ಕೇಳುವವರಿಲ್ಲ. ಬೇರೆಯವರ ಮನೆಗೆ ಬಂದು ಆ ಮನೆಯವರ ಹುಳುಕು ಎತ್ತಿ ಆಡುವುದು ಯಾವ ಬರಹಗಾರನಿಗೂ ಸುಲಭವಲ್ಲ. ಅದರ ಮೇಲೆ ಅಷ್ಟೊಂದು ಜನ ಪ್ರೀತಿಯಿಂದ ಕಾಯುತ್ತಿರುವಾಗ, ಸುಮ್ನೆ ಕೈಮುಗಿದು ನಡೆದುಬಿಡೋಣ ಅನ್ನಿಸುವುದು ಸಹಜ.

ಆ ಭಯವನ್ನು ಸ್ವಲ್ಪವಾದರೂ ದಾಟಿದವನು ಫಾಬ್‌ಕಾರೊ. ಅವನ ಮೊದಲ ಆಲ್ಬಮ್, 2023ರ "ದಿ ವೈಟ್ ಐರಿಸ್". ಸೀಸರ್‌ನ ವೈದ್ಯನೊಬ್ಬ ಸಕಾರಾತ್ಮಕ ಚಿಂತನೆಯ ಗುರು. ಹೂವಿನಂಥ ಮಾತುಗಳನ್ನು ಉದುರಿಸುತ್ತಾ ಊರಿಗೆ ಬರುತ್ತಾನೆ. ಜನ ಕರಗುತ್ತಾರೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಮೀನಿನ ವಾಸನೆಯ ಮಾತೇ ಇಲ್ಲ. ಇದು "ರೋಮನ್ ಏಜೆಂಟ್"ನ್ನು ತಿರುಗಿಸಿ ಹಾಕಿದ ಕಥೆ. ಅಲ್ಲಿ ಊರನ್ನು ಜಗಳದಿಂದ ಒಡೆದರು, ಇಲ್ಲಿ ಸಿಹಿ ಮಾತಿನಿಂದ ಮೆತ್ತಗೆ ಮಾಡುತ್ತಾರೆ. ಬಹಳ ವರ್ಷಗಳ ಮೇಲೆ ಹೊರಗಿನವನೊಬ್ಬ ಊರಿನ ದೌರ್ಬಲ್ಯವನ್ನು ಹುಡುಕಿ ಒತ್ತಿದ. ಮೊದಲ ಅರ್ಧ ಓದುವಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆಮೇಲೆ ಇಂಪೆಡಿಮೆಂಟಾ ಮನೆ ಬಿಟ್ಟು ಲುಟೇಷಿಯಾಕ್ಕೆ, ಅಂದರೆ ಆಗಿನ ಪ್ಯಾರಿಸ್‌ಗೆ ಹೋಗುತ್ತಾಳೆ. ಕಥೆಯೂ ಅವಳ ಹಿಂದೆ ಹೊರಟು ಇಂದಿನ ಪ್ಯಾರಿಸ್‌ನ ಜೋಕುಗಳಲ್ಲಿ ಚೆದುರಿಹೋಗುತ್ತದೆ. ಊರಿನವರನ್ನು ಒಂದು ಪುಟದಷ್ಟಾದರೂ ನಾಚಿಸುವ ಘಟ್ಟ ಬರಲೇ ಇಲ್ಲ. ಆದರೂ ದಾರಿ ಸರಿಯಾಗಿದೆ.

ಹಳೆಯವುಗಳ ಮೊನಚಿನಲ್ಲಿ ತುಕ್ಕು ಹಿಡಿದ ಭಾಗವೂ ಇದೆ, ಅದನ್ನು ಮಗಳಿಗೆ ಮುಚ್ಚಿಡಬೇಡಿ. ಕಡಲ್ಗಳ್ಳರ ಹಡಗಿನ ಕಪ್ಪು ಕಾವಲುಗಾರನನ್ನು ದಪ್ಪ ತುಟಿಯಿಟ್ಟು ಬಿಡಿಸಿದ ರೀತಿ ವಸಾಹತು ಕಾಲದ್ದು. ಹೆಂಗಸರಿಗೆ ಗೊಣಗುವುದು, ಮೋಹಗೊಳಿಸುವುದು ಬಿಟ್ಟು ಹೆಚ್ಚು ಕೆಲಸವಿಲ್ಲ. ಹನ್ನೊಂದರ ಹುಡುಗಿಗೆ ಇದು ಕಂಡೇ ಕಾಣುತ್ತದೆ. ಕೇಳಿದರೆ ಹೌದು, ಅದು ತಪ್ಪು ಎಂದು ಹೇಳಿ. ಈ ವಿಷಯದಲ್ಲಿ ಹೊಸ ಆಲ್ಬಮ್‌ಗಳೇ ಮೇಲು. 2019ರದ್ದರಲ್ಲಿ ಸೀಸರ್‌ಗೆ ಸೋತ ಗಾಲ್ ನಾಯಕ ವರ್ಸಿಂಜೆಟೊರಿಕ್ಸ್‌ನ ಮಗಳು ಆಡ್ರೆನಲಿನ್ ಕಥೆಯ ಕೇಂದ್ರದಲ್ಲೇ ಇದ್ದಾಳೆ. ಕಥೆ ಸಾಧಾರಣ, ಹುಡುಗಿ ಚೆನ್ನಾಗಿದ್ದಾಳೆ.

ಇನ್ನು ಕೊಡಿಸುವ ಮಾತು. ಮೊದಲ ಆಲ್ಬಮ್‌ನಿಂದ ಕ್ರಮವಾಗಿ ಶುರು ಮಾಡಬೇಡಿ. ಹನ್ನೊಂದರ ವಯಸ್ಸಿಗೆ "ಕ್ಲಿಯೋಪಾತ್ರ", "ಬ್ರಿಟನ್", "ಲೀಜನರಿ" ಸರಿಯಾದ ಬಾಗಿಲು. ಸೈನ್ಯದ ಕಚೇರಿಯಿಂದ ಕಚೇರಿಗೆ ಅಲೆಯುವ "ಲೀಜನರಿ"ಯ ಪುಟಗಳನ್ನು ಓದಿ ನೀವೂ ನಗುತ್ತೀರಿ. ಆಮೇಲೆ "ರೋಮನ್ ಏಜೆಂಟ್", "ಮ್ಯಾನ್ಶನ್ಸ್", "ಸೂತ್‌ಸೇಯರ್". "ಒಬೆಲಿಕ್ಸ್ ಅಂಡ್ ಕೋ" ಹದಿಮೂರು ಹದಿನಾಲ್ಕಕ್ಕೆ ಇಟ್ಟುಕೊಳ್ಳಿ, ಆಗ ಅದರ ಅರ್ಧ ಹೊಸದಾಗಿ ತೆರೆಯುತ್ತದೆ. ಉದೆರ್ಜೊ ಒಬ್ಬನೇ ಬರೆದವುಗಳಲ್ಲಿ ಮೊದಲ ಎರಡು ಸಾಕು. "ಮ್ಯಾಜಿಕ್ ಕಾರ್ಪೆಟ್" ಬೇಕಾದರೆ ಚಿತ್ರಕ್ಕಾಗಿ. ಹೊಸವುಗಳಲ್ಲಿ "ಮಿಸ್ಸಿಂಗ್ ಸ್ಕ್ರಾಲ್" ಮತ್ತು "ವೈಟ್ ಐರಿಸ್" ಕೊಡಿಸಿ, ಆದರೆ "ವೈಟ್ ಐರಿಸ್"ನ್ನು "ರೋಮನ್ ಏಜೆಂಟ್" ಓದಿದ ಮೇಲೆಯೇ ಕೊಡಿ. ಎರಡನ್ನೂ ಓದಿ ಮುಗಿಸಿದ ಮೇಲೆ ಯಾವ ಊರು ಹೆಚ್ಚು ನಿಜ ಅನ್ನಿಸಿತು ಎಂದು ಅವಳನ್ನು ಕೇಳಿ. ಅವಳು ಏನೆಂದಳು ಎಂದು ನನಗೂ ಬರೆಯಿರಿ.